ಹಿಂದಿನ ಸೀಟಿನಿಂದ: ಬೈಕಿನಲ್ಲಿ ಇಬ್ಬರೇ ಮೂಡಿಗೆರೆ ಕಡೆಯ ಬೆಟ್ಟದ ಮನೆಗೆ ಹೋಗಿ ಬರುವುದು ಹೇಗೆ

ಬೈಕ್ ಟ್ರಿಪ್ ಬಗ್ಗೆ ಬರೆಯುವವರು ಹೆಚ್ಚಾಗಿ ಹ್ಯಾಂಡಲ್ ಹಿಡಿದವರೇ. ನಾನು ಎಂಟು ವರ್ಷದಿಂದ ನನ್ನ ಗಂಡನ ಬುಲೆಟ್ಟಿನ ಹಿಂದಿನ ಸೀಟಿನಲ್ಲಿ ಕೂತು ಬೆಂಗಳೂರಿನಿಂದ ಮಲೆನಾಡಿಗೆ ಹೋಗಿ ಬರುತ್ತಿದ್ದೇನೆ. ಆಗಾಗ ನಾನೂ ಓಡಿಸುತ್ತೇನೆ, ಆದರೆ ಜಾಸ್ತಿ ದೂರ ಹಿಂದೆಯೇ.

ಮೊದಲ ಸಲ ಹೋದಾಗ ಎಲ್ಲವೂ ತಪ್ಪಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಮೂಡಿಗೆರೆ ತಲುಪುವಾಗ ಕತ್ತಲು, ಮೇಲೆ ಮಂಜು. ಹೋಂಸ್ಟೇಗೆ ಹೋಗುವ ಕೊನೆಯ ಸಿಮೆಂಟ್ ರಸ್ತೆಯಲ್ಲಿ ಪಾಚಿ ಕಟ್ಟಿತ್ತು, ಏರಿನಲ್ಲಿ ಹಿಂದಿನ ಚಕ್ರ ಜಾರಿ ಬೈಕ್ ವಾಲಿತು, ಬಿಸಿ ಸೈಲೆನ್ಸರ್ ತಗುಲಿ ನನ್ನ ಕಾಲು ಸುಟ್ಟಿತು. ಅಷ್ಟು ಕಷ್ಟಪಟ್ಟು ತಲುಪಿದರೆ, ಫೋಟೋದಲ್ಲಿ ಕಂಡ ಹಳೇ ಹೆಂಚಿನ ಮನೆ ಮಾಲೀಕರದ್ದು. ನಮಗೆ ಕೊಟ್ಟಿದ್ದು ಪಕ್ಕದ ಆರ್‌ಸಿಸಿ ಸಾಲಿನ ಒಂದು ಕೋಣೆ. ಆಚೆ ಕೋಣೆಯಲ್ಲಿ ಹತ್ತು ಹುಡುಗರು, ರಾತ್ರಿ ಎರಡರ ತನಕ ಸ್ಪೀಕರ್. ಆಮೇಲೆ ಹೋದ ಪ್ರತಿ ಸಲವೂ ಒಂದೊಂದು ತಪ್ಪು ತಿದ್ದಿಕೊಂಡೆವು. ಈಗ ನಾವು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಡೀ ಪ್ಲಾನಿಗೆ ನಮ್ಮ ಅಳತೆ ಒಂದೇ: ಹಿಂದೆ ಕೂತವರ ಬೆನ್ನು. ಅವರಿಗೆ ಎಷ್ಟು ದೂರ, ಎಷ್ಟು ವೇಗ ಹಿತವೋ ಅಷ್ಟೇ ಟ್ರಿಪ್.

1. ಕಾಲ ನೋಡಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸುರಿಯುವುದು ಬೆಂಗಳೂರಿನ ಮಳೆಯಲ್ಲ. ದಿನಗಟ್ಟಲೆ ನಿಲ್ಲದೆ ಹುಯ್ಯುತ್ತದೆ, ಕರೆಂಟ್ ಹೋಗುತ್ತದೆ, ಮರ ಬೀಳುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನ ಓಡಾಟವೇ ನಿಂತಿತ್ತು. ಮಳೆ ನೋಡಲೇಬೇಕು ಅನ್ನುವವರು ಸೆಪ್ಟೆಂಬರ್ ಕೊನೆಗೆ ಹೋಗಿ. ಹಸಿರು ಹಾಗೇ ಇರುತ್ತದೆ, ಹಳ್ಳ ತುಂಬಿರುತ್ತದೆ, ರಸ್ತೆ ಸ್ವಲ್ಪ ಒಣಗಿರುತ್ತದೆ.

ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಮನೆಯವರು ಕೆಲಸದಲ್ಲಿ ಮುಳುಗಿರುತ್ತಾರೆ, ಆದರೆ ಕಣದ ತುಂಬ ಕಾಫಿ ಹಣ್ಣು ಹರಡಿರುವುದನ್ನು ನೋಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ಮಾರ್ಚ್, ಏಪ್ರಿಲ್. ಒಂದು ಹದವಾದ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಹೂ ಬಿಡುತ್ತದೆ. ಮಲ್ಲಿಗೆಯಂಥ ಪರಿಮಳ, ಹೆಲ್ಮೆಟ್ಟಿನ ಗಾಜು ಎತ್ತಿದರೆ ಸಾಕು. ಮೂರ್ನಾಲ್ಕು ದಿನ ಅಷ್ಟೇ ಇರುತ್ತದೆ. ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡಿ, "ಹೂ ಬಿಟ್ಟ ದಿನ ಒಂದು ಫೋನ್ ಮಾಡಿ ಅಕ್ಕ" ಅಂತ. ಖಂಡಿತ ಮಾಡುತ್ತಾರೆ.

ಮೂರು ದಿನದ ಸಾಲು ರಜೆಯಲ್ಲಿ ಮಾತ್ರ ಹೋಗಬೇಡಿ. ಭಾನುವಾರ, ಸೋಮವಾರ ಹೋಗಲು ರಜೆ ಸಿಕ್ಕರೆ ಬೆಟ್ಟ ನಿಮ್ಮದೇ.

2. ಮನೆ ಹುಡುಕುವುದು

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಮೊದಲು ಊರಿನ ಸುತ್ತಳತೆ ಗೊತ್ತು ಮಾಡಿಕೊಳ್ಳಿ. ಮೂಡಿಗೆರೆ, ಕೊಟ್ಟಿಗೆಹಾರ, ದೇವರಮನೆ, ಭೈರಾಪುರ ಸುತ್ತಮುತ್ತ ತೋಟದ ಮನೆಗಳು ಬೇಕಾದಷ್ಟಿವೆ. ಸ್ವಿಮ್ಮಿಂಗ್ ಪೂಲ್, ಡಿಜೆ, ಕ್ಯಾಂಪ್‌ಫೈರ್ ಪ್ಯಾಕೇಜ್ ಅಂತ ಇದ್ದರೆ ಅದು ರೆಸಾರ್ಟ್. ನಮಗೆ ಬೇಕಿರುವುದು ಮೂರು ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟು, ಅದೇ ಸೂರಿನಡಿ ಮನೆಯವರೂ ಇರುವ ಜಾಗ. ಜಗಲಿ, ಮಂಗಳೂರು ಹೆಂಚು, ಬಚ್ಚಲಲ್ಲಿ ಹಂಡೆ ಒಲೆ, ಮನೆ ಮುಂದೆ ಕಣ. ಅಲ್ಲಿ ಊಟಕ್ಕೆ ಏನು ಸಿಗುತ್ತದೆ ಅನ್ನುವುದು ಆ ದಿನ ಮನೆಯಲ್ಲಿ ಏನು ಮಾಡಿದ್ದಾರೆ ಅನ್ನುವುದರ ಮೇಲೆ.

ಆನ್‌ಲೈನ್‌ನಲ್ಲಿ ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಫೋನ್ ಮಾಡಿ ಮಾತಾಡಿ. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ಆಗಿದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. "ನೀವೂ ಅಲ್ಲೇ ಇರ್ತೀರಾ?" ಅಂತ ಕೇಳಿ. "ಹುಡುಗ ನೋಡ್ಕೋತಾನೆ" ಅಂದರೆ ನಾವು ಮುಂದಿನ ನಂಬರ್ ನೋಡುತ್ತೇವೆ. ನೀವು ಹೋಗುವ ದಿನ ಬೇರೆ ಯಾರು ಬರುತ್ತಿದ್ದಾರೆ, ದೊಡ್ಡ ಗುಂಪು ಇದೆಯಾ ಅನ್ನುವುದನ್ನೂ ಬಿಡಿಸಿ ಕೇಳಿ. ಗುಂಪಿದ್ದರೆ ದಿನ ಬದಲಾಯಿಸಿ. ನಮಗೆ ಕೊಡುವ ಕೋಣೆಯ ಫೋಟೋನೇ ಕಳಿಸಿ ಅಂತ ಹೇಳಿ, ಮನೆಯ ಮುಂಭಾಗದ್ದಲ್ಲ.

ಬೈಕಿನಲ್ಲಿ ಹೋಗುವವರು ಮರೆಯಬಾರದ ಪ್ರಶ್ನೆ ಇನ್ನೊಂದಿದೆ. "ಅಣ್ಣ, ಗೇಟಿನ ತನಕ ಟಾರ್ ಇದೆಯಾ? ಕೊನೆಗೆ ಎಷ್ಟು ದೂರ ಮಣ್ಣು ರಸ್ತೆ? ಬೈಕ್ ಬರುತ್ತಾ, ಇಬ್ಬರು ಕೂತು?" ಅಂತ ಇದೇ ಮಾತಿನಲ್ಲಿ ಕೇಳಿ. "ಬರುತ್ತೆ ಬನ್ನಿ" ಅನ್ನುವವರು ತಮ್ಮ ಜೀಪಿನ ಲೆಕ್ಕದಲ್ಲಿ ಹೇಳುತ್ತಿರುತ್ತಾರೆ. ಬಹಳ ಮನೆಗಳವರು ಮುಖ್ಯರಸ್ತೆಯಲ್ಲಿ ಪರಿಚಯದವರ ಅಂಗಡಿ ಹತ್ತಿರ ಬೈಕ್ ನಿಲ್ಲಿಸಲು ಹೇಳಿ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಒಪ್ಪಿಕೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ.

ದರ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ, ಊಟ ತಿಂಡಿ ಸೇರಿಸಿ. ಜೀಪ್, ಮಧ್ಯಾಹ್ನದ ಊಟ ಸೇರಿದೆಯಾ ಅಂತ ಮೊದಲೇ ಕೇಳಿ. ಇಬ್ಬರದೂ ಗುರುತಿನ ಚೀಟಿ ಬೇಕು. ಮದುವೆ ಆಗಿರದ ಜೋಡಿಗೆ ಕೋಣೆ ಕೊಡದ ಮನೆಗಳಿವೆ. ಹೋದಮೇಲೆ ಮುಜುಗರ ಪಡುವುದಕ್ಕಿಂತ ಫೋನಿನಲ್ಲೇ ಹೇಳಿಬಿಡಿ.

3. ಬೈಕ್

ಹೊರಡುವ ಹಿಂದಿನ ದಿನ ಸರ್ವೀಸ್ ಮಾಡಿಸಬೇಡಿ. ಒಂದು ವಾರ ಮೊದಲು ಮಾಡಿಸಿ, ಆಮೇಲೆ ಊರೊಳಗೆ ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ. ಏನಾದರೂ ಸಡಿಲ ಬಿಟ್ಟಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಇಬ್ಬರು ಕೂತು ಬ್ಯಾಗೂ ಹೇರಿದಾಗ ಹಿಂದಿನ ಟೈರಿಗೆ ಗಾಳಿ ಜಾಸ್ತಿ ಬೇಕು. ಎಷ್ಟು ಅಂತ ಬೈಕಿನ ಪುಸ್ತಕದಲ್ಲಿ ಒಬ್ಬರಿಗೆ, ಇಬ್ಬರಿಗೆ ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಟೈರ್ ತಣ್ಣಗಿದ್ದಾಗ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ, ಪ್ರತಿ ಹಂಪಿನಲ್ಲೂ ಹಿಂದೆ ಕೂತವರ ಸೊಂಟಕ್ಕೆ ಏಟು. ಚೈನ್ ಬಿಗಿ ನೋಡುವಾಗ ಇಬ್ಬರ ಭಾರ ಲೆಕ್ಕಕ್ಕಿರಲಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸಿ, ಇಳಿಜಾರಿನಲ್ಲಿ ಚೌಕಾಸಿ ಬೇಡ.

ಟ್ಯೂಬ್ ಟೈರ್ ಇರುವ ಬೈಕಾದರೆ ಒಂದು ಟ್ಯೂಬ್, ಒಂದು ಕ್ಲಚ್ ಕೇಬಲ್ ಜೊತೆಗಿರಲಿ. ಹಾಕುವುದು ನಮಗೆ ಬರಬೇಕು ಅಂತಿಲ್ಲ, ಪಂಕ್ಚರ್ ಅಂಗಡಿಯವರಿಗೆ ಬರುತ್ತದೆ. ಆದರೆ ನಿಮ್ಮ ಸೈಜಿನ ಟ್ಯೂಬ್ ಅವರ ಹತ್ತಿರ ಇರುವುದಿಲ್ಲ.

ನಮ್ಮ 350 ಸಿಸಿ ಬೈಕ್ ಹೀಗೆ ಹೇರಿಕೊಂಡು ಹೋದಾಗ ಲೀಟರಿಗೆ 32ರ ಆಸುಪಾಸು ಕೊಡುತ್ತದೆ. ಬೆಂಗಳೂರಿನಿಂದ ಮೂಡಿಗೆರೆ ಸುಮಾರು 250 ಕಿಲೋಮೀಟರ್. ಹೊರಡುವಾಗ ಟ್ಯಾಂಕ್ ತುಂಬಿಸಿ, ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ಮತ್ತೆ ತುಂಬಿಸಿ. ತೋಟದ ದಾರಿಗೆ ಇಳಿದಮೇಲೆ ಬಂಕ್ ಇಲ್ಲ.

4. ಹಿಂದೆ ಕೂರುವವರಿಗೆ

ಇದು ನನ್ನ ಜಾಗ, ಸ್ವಲ್ಪ ಉದ್ದ ಹೇಳುತ್ತೇನೆ.

ಹೆಲ್ಮೆಟ್ ಮೊದಲು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ. ಆ ನಿಯಮಕ್ಕೋಸ್ಕರ ತಂದಿಟ್ಟ ಟೋಪಿಯಂಥ ಅರ್ಧ ಹೆಲ್ಮೆಟ್ ಮನೆಯಲ್ಲೇ ಇರಲಿ. 250 ಕಿಲೋಮೀಟರ್ ಗಾಳಿ ಕಿವಿಗೆ ಹೊಡೆದರೆ ಸಂಜೆಗೆ ತಲೆ ಸಿಡಿಯುತ್ತದೆ. ಇಬ್ಬರಿಗೂ ಐಎಸ್‌ಐ ಗುರುತಿರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ತನ್ನಿ.

ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳಬೇಡಿ. "ಚಿಕ್ಕದು, ಭಾರ ಇಲ್ಲ" ಅನ್ನಿಸುತ್ತದೆ. ಕುಣಿಗಲ್ ದಾಟುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ. ದುಪಟ್ಟಾ, ಸ್ಟೋಲ್ ಯಾವುದೂ ನೇತಾಡಬಾರದು, ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಎಳೆದು ಬೀಳಿಸುತ್ತದೆ. ಕಾಲಿಗೆ ಹರಡು ಮುಚ್ಚುವ ಬೂಟು, ಮೇಲೆ ದಪ್ಪ ಜೀನ್ಸ್. ಸೈಲೆನ್ಸರ್ ಕಡೆಯಿಂದ ಇಳಿಯಬೇಡಿ. ನನ್ನ ಕಾಲಿನ ಕಲೆ ಇನ್ನೂ ಹೋಗಿಲ್ಲ.

ಕೂರುವ ರೀತಿಯೂ ಕಲಿಯಬೇಕಾದ್ದೇ. ತಿರುವಿನಲ್ಲಿ ಹೆದರಿ ಬೈಕ್ ವಾಲಿದ ಎದುರು ದಿಕ್ಕಿಗೆ ವಾಲಬೇಡಿ. ಎಡಕ್ಕೆ ತಿರುಗುವಾಗ ಓಡಿಸುವವರ ಎಡ ಭುಜದ ಮೇಲಿಂದ ರಸ್ತೆ ನೋಡಿ, ಬಲಕ್ಕಾದರೆ ಬಲ ಭುಜ. ಅಷ್ಟು ಮಾಡಿದರೆ ಮೈ ತಾನಾಗೇ ಸರಿಯಾಗಿ ಕೂರುತ್ತದೆ. ಏರಿನಲ್ಲಿ ಸೊಂಟ ಹಿಡಿಯಿರಿ. ಇಳಿಜಾರಿನಲ್ಲಿ ಒಂದು ಕೈ ಮುಂದೆ ಚಾಚಿ ಟ್ಯಾಂಕಿಗೆ ಒತ್ತಿ ಹಿಡಿಯಿರಿ, ಹಿಂದಿನ ಕಂಬಿ ಇನ್ನೊಂದು ಕೈಗೆ. ಬ್ರೇಕ್ ಹಾಕಿದಾಗಲೆಲ್ಲ ಇಬ್ಬರ ಹೆಲ್ಮೆಟ್ ಟಕ್ ಅಂತ ಬಡಿದುಕೊಳ್ಳುವುದು ಇದರಿಂದ ನಿಲ್ಲುತ್ತದೆ, ಮುಂದೆ ಕೂತವರ ಬೆನ್ನ ಮೇಲೆ ನಿಮ್ಮ ಭಾರವೂ ಬೀಳುವುದಿಲ್ಲ.

ಗಾಳಿಯಲ್ಲಿ ಕೂಗಿದರೆ ಕೇಳುವುದಿಲ್ಲ. ನಮ್ಮ ಸನ್ನೆ ಹೀಗಿದೆ. ಭುಜಕ್ಕೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ಸಿಕ್ಕ ಜಾಗದಲ್ಲಿ ನಿಲ್ಲಿಸು. ಎರಡು ತಟ್ಟಿದರೆ ಯಾಕೆ ಅಂತ ಕೇಳದೆ ನಿಲ್ಲಿಸಬೇಕು, ಇದು ಓಡಿಸುವವರಿಗೆ. ಮೂತ್ರಕ್ಕೆ ಹೋಗಬೇಕಿರಬಹುದು, ಕಾಲು ಜೋಮು ಹಿಡಿದಿರಬಹುದು, ಹೆದರಿಕೆ ಆಗಿರಬಹುದು. "ಇನ್ನು ಇಪ್ಪತ್ತೇ ಕಿಲೋಮೀಟರ್" ಅನ್ನುವ ಮಾತು ಆಡಲೇಬೇಡಿ.

ಹೆಣ್ಣುಮಕ್ಕಳು ಶೌಚಾಲಯ ಸಿಗುವುದಿಲ್ಲ ಅಂತ ನೀರು ಕುಡಿಯದೆ ಹೋಗುವುದುಂಟು. ಹಾಗೆ ಮಾಡಬೇಡಿ, ತಲೆನೋವು ಬರುವುದೇ ಅದರಿಂದ. ಹೆದ್ದಾರಿಯ ದೊಡ್ಡ ಬಂಕ್‌ಗಳಲ್ಲಿ, ತಿಂಡಿ ಹೋಟೆಲ್‌ಗಳಲ್ಲಿ ಸಿಗುತ್ತದೆ. ಬಂಕ್‌ನಲ್ಲಿ ಬೀಗ ಹಾಕಿದ್ದರೆ ಕೀ ಕೇಳಿ. ಮುಟ್ಟಿನ ದಿನಗಳು ಹತ್ತಿರ ಇದ್ದರೆ ಟ್ರಿಪ್ ಒಂದು ವಾರ ಮುಂದಕ್ಕೆ ಹಾಕುವುದು ಅಥವಾ ದಾರಿಯಲ್ಲಿ ಹಾಸನದಲ್ಲೊಂದು ರಾತ್ರಿ ಉಳಿಯುವುದು, ಯಾವುದು ಬೇಕೋ ಮೊದಲೇ ಇಬ್ಬರೂ ಮಾತಾಡಿಕೊಳ್ಳಿ.

5. ಗಂಟುಮೂಟೆ

ಎರಡು ಕಡೆ ಇಳಿಬಿಡುವ ಸ್ಯಾಡಲ್ ಬ್ಯಾಗ್ ಸಾಕು, ತಲೆಗೆ ಒಂದು ಕಡೆ. ತೂಕ ಎರಡೂ ಕಡೆ ಸಮ ಇರಲಿ, ಭಾರದ್ದು ಕೆಳಗೆ. ಬಟ್ಟೆಯನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಬ್ಯಾಗಿಗೆ, ರೈನ್ ಕವರ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಬ್ಯಾಗ್ ಸೈಲೆನ್ಸರಿಗೆ ತಗುಲುತ್ತದಾ ಅಂತ ಹಿಂದೆ ಒಬ್ಬರು ಕೂತೇ ನೋಡಬೇಕು, ಭಾರಕ್ಕೆ ಬೈಕ್ ಇಳಿಯುತ್ತದೆ.

ಟಾರ್ಚ್, ಪವರ್ ಬ್ಯಾಂಕ್, ಸ್ವೆಟರ್, ಇಬ್ಬರಿಗೂ ರೈನ್‌ಕೋಟ್, ಒಂದು ಜೊತೆ ರಬ್ಬರ್ ಚಪ್ಪಲಿ. ಮಳೆಗಾಲದ ಮೊದಲು, ನಂತರ ಒಂದು ಪೊಟ್ಟಣ ಉಪ್ಪು, ಇಂಬಳಕ್ಕೆ, ಅಂದರೆ ಜಿಗಣೆಗೆ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಡಿಜಿಲಾಕರಿನಲ್ಲಿದ್ದರೂ ಒಂದು ಪ್ರತಿ ಕೈಯಲ್ಲಿರಲಿ, ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್ ತೆರೆಯುವುದಿಲ್ಲ. ಅದೇ ಕಾರಣಕ್ಕೆ ನಗದೂ ಬೇಕು. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಹೋಂಸ್ಟೇಯವರ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ.

6. ಹೊರಡುವ ದಿನ

ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹೊರಡುವ ಯೋಚನೆ ಬಿಡಿ. ಬೆಳಿಗ್ಗೆ ಐದಕ್ಕೆ ಗೊರಗುಂಟೆಪಾಳ್ಯ ದಾಟಿರಬೇಕು. ನೆಲಮಂಗಲದಲ್ಲಿ ತುಮಕೂರು ದಾರಿ ಬಿಟ್ಟು ಕುಣಿಗಲ್ ಕಡೆ ತಿರುಗಿದರೆ ಹಾಸನದ ತನಕ ರಾಷ್ಟ್ರೀಯ ಹೆದ್ದಾರಿ 75, ಸುಮಾರು 180 ಕಿಲೋಮೀಟರ್. ಬೈಕಿಗೆ ಟೋಲ್ ಇಲ್ಲ, ಪಕ್ಕದ ದಾರಿಯಲ್ಲಿ ಹೋಗಿ.

ರಸ್ತೆ ಚೆನ್ನಾಗಿದೆ ಅಂತ 100 ಮುಟ್ಟಿಸಬೇಡಿ. 70, 75ರಲ್ಲಿ ಹೋದರೆ ಹಿಂದಿನ ಸೀಟಿಗೆ ಗಾಳಿಯ ಹೊಡೆತ ಕಡಿಮೆ, ಬೈಕ್ ಅದರುವುದೂ ಕಡಿಮೆ. ಹಳ್ಳಿಗಳ ಹತ್ತಿರ ರಾಂಗ್ ಸೈಡಿನಲ್ಲಿ ಟಿವಿಎಸ್ ಬರುತ್ತದೆ, ಡಿವೈಡರ್ ಸಂದಿಯಿಂದ ಹಸು ಬರುತ್ತದೆ. ಸುಗ್ಗಿ ಕಾಲದಲ್ಲಿ ಒಳದಾರಿ ಹಿಡಿದರೆ ರಾಗಿ, ಹುರುಳಿ ರಸ್ತೆ ಮೇಲೇ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ, ಚೈನಿಗೂ ಸುತ್ತಿಕೊಳ್ಳುತ್ತದೆ. ನಿಧಾನ ಮಾಡಿ, ಹ್ಯಾಂಡಲ್ ನೇರ ಇಟ್ಟು ದಾಟಿ.

ಒಂದು ಗಂಟೆಗೊಮ್ಮೆ ನಿಲ್ಲಿಸಿ, ದಣಿವಾಗಲಿ ಆಗದಿರಲಿ. ನಾವು ಕುಣಿಗಲ್ ಹತ್ತಿರ ಒಂದು ಟೀ, ಚನ್ನರಾಯಪಟ್ಟಣದ ಆಸುಪಾಸು ಇಡ್ಲಿ, ಹಾಸನ ದಾಟಿ ಹತ್ತು ನಿಮಿಷ ಮರದ ಕೆಳಗೆ ಬೆನ್ನು ಚಾಚುವುದು. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಹತ್ತೂವರೆ ಹನ್ನೊಂದಕ್ಕೆ ಅಲ್ಲಿರುತ್ತೀರಿ.

ಬೇಲೂರಿನಲ್ಲಿ ದೇವಸ್ಥಾನ ನೋಡದೆ ಹೋಗಬೇಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಆರು ಗಂಟೆ ಕೂತೇ ಬಂದ ಕಾಲಿಗೆ ಆ ಅಂಗಳದಲ್ಲಿ ಒಂದು ಸುತ್ತು ಹಾಕುವುದು ಒಳ್ಳೆಯ ವ್ಯಾಯಾಮ. ಬೂಟು ಬಿಚ್ಚಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಸಾಕ್ಸ್ ಹಾಕಿಕೊಂಡೇ ನಡೆಯಿರಿ. ಬೈಕಿಗೆ ಕಟ್ಟಿದ ಬ್ಯಾಗಿನ ಮೇಲೆ ಕಣ್ಣಿರುವಂತೆ ಪಾರ್ಕಿಂಗಿನವರಿಗೆ ಒಂದು ಮಾತು ಹೇಳಿ, ದುಡ್ಡು ಮೊಬೈಲ್ ಜೊತೆಗೆ ತನ್ನಿ.

7. ಬೇಲೂರು ದಾಟಿದಮೇಲೆ

ಇಲ್ಲಿಂದ ಮೂಡಿಗೆರೆ ಸುಮಾರು 30 ಕಿಲೋಮೀಟರ್. ಬಯಲು ಮುಗಿದು ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಾಫಿ ಶುರುವಾಗುತ್ತದೆ. ನೆರಳು ಹೆಚ್ಚಾದ ಹಾಗೆ ರಸ್ತೆಯ ಗುಣವೂ ಬದಲಾಗುತ್ತದೆ. ಮಳೆ ನಿಂತು ಎರಡು ದಿನ ಆದರೂ ಮರದ ಕೆಳಗೆ ತೇವ ಇರುತ್ತದೆ, ಎಲೆ ಬಿದ್ದಿರುತ್ತದೆ, ಟ್ರ್ಯಾಕ್ಟರ್ ಚಕ್ರದ ಮಣ್ಣು ಅಂಟಿರುತ್ತದೆ. ಬಿಳಿ ಗೆರೆ ಮೇಲೆ ಬ್ರೇಕ್ ಹಿಡಿಯಬೇಡಿ.

ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬೇಡ. ಕಾಣದ ತಿರುವಿನಲ್ಲಿ ಹಾರ್ನ್ ಹೊಡೆಯಿರಿ, ನಿಮ್ಮ ಎಡ ಬಿಡಬೇಡಿ, ಎದುರಿನ ಬಸ್ಸು ಅರ್ಧ ರಸ್ತೆ ತಗೊಂಡೇ ಬರುತ್ತದೆ. ಇಕ್ಕಟ್ಟಾದ ಏರಿನಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವಾಗ, ಅದೇ ದಾರಿ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಬರೀ ಬ್ರೇಕ್ ನಂಬಿ ಇಳಿದರೆ ಇಬ್ಬರ ಭಾರಕ್ಕೆ ಅದು ಕಾಯ್ದು ಹಿಡಿತ ಕಡಿಮೆಯಾಗುತ್ತದೆ. ಮಂಜಿದ್ದರೆ ಡಿಮ್ ಲೈಟ್ ಹಾಕಿ, ಹೈ ಬೀಮ್ ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ.

ನಾಲ್ಕು ಗಂಟೆಯೊಳಗೆ ಮನೆ ಸೇರಿರಬೇಕು ಅನ್ನುವುದು ನಮ್ಮಲ್ಲಿ ಈಗ ಕಟ್ಟುನಿಟ್ಟು. ಮಂಜು ಒಂದು ಕಾರಣ. ಇನ್ನೊಂದು ಕಾಡಾನೆ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರ ಕಡೆ ತೋಟದೊಳಗೇ ಆನೆಗಳು ಓಡಾಡುತ್ತವೆ, ಅಲ್ಲಿನ ಕೂಲಿಯವರು, ಬೆಳೆಗಾರರು ಪ್ರಾಣ ಕಳೆದುಕೊಂಡಿದ್ದಾರೆ. ಬೆಳಗಿನ ಜಾವ, ಮುಸ್ಸಂಜೆ ತೋಟದ ರಸ್ತೆಯಲ್ಲಿ ಬೈಕ್ ಬೇಡವೇ ಬೇಡ. ಮೂಡಿಗೆರೆಯಲ್ಲಿ ನಿಂತು ಮನೆಯವರಿಗೆ ಫೋನ್ ಮಾಡಿ, "ಇವತ್ತು ಆನೆ ಎಲ್ಲಿದೆ?" ಅಂತ ಕೇಳಿ. ಅವರಿಗೆ ಅರಣ್ಯ ಇಲಾಖೆಯ ಸಂದೇಶ ಬಂದಿರುತ್ತದೆ.

ಕೊನೆಯ ಮಣ್ಣು ರಸ್ತೆಯನ್ನು ಬೈಕಿನಲ್ಲೇ ಹೋಗುವುದಾದರೆ ಹಿಂದೆ ಕೂತವರು ಕಡಿದಾದ ಏರಿನಲ್ಲಿ ಇಳಿದು ನಡೆಯಿರಿ. ಹಸಿರು ಬಣ್ಣಕ್ಕೆ ತಿರುಗಿದ ಸಿಮೆಂಟ್ ಕಂಡರೆ ಅದು ಪಾಚಿ. ಮೊದಲ ಗೇರ್, ಒಂದೇ ಹದದ ಆಕ್ಸಿಲರೇಟರ್, ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ.

8. ಮನೆಯಲ್ಲಿ

ತಲುಪಿದ ಸಂಜೆ ಎಲ್ಲೂ ಹೋಗಬೇಡಿ. ಹಂಡೆ ನೀರು ಸ್ನಾನ ಮಾಡಿ, ಕಾಫಿ ಹಿಡಿದು ಜಗಲಿಯಲ್ಲಿ ಕೂರಿ. ಬೆನ್ನಿಗೆ ಆ ಬಿಸಿನೀರಿಗಿಂತ ಮದ್ದಿಲ್ಲ. ಊಟಕ್ಕೆ ಏನು ಬೇಕು ಅಂತ ಕೇಳಿದರೆ "ನೀವು ತಿನ್ನೋದನ್ನೇ ಕೊಡಿ" ಅನ್ನಿ. ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಕಾಲಕ್ಕೆ ತಕ್ಕಂತೆ ಕಳಲೆ, ಅಣಬೆ, ಕೆಸುವಿನ ಪತ್ರೊಡೆ ಬರುತ್ತದೆ. ಗೋಬಿ ಮಂಚೂರಿ ಕೇಳಿದರೆ ಪಾಪ ಅದನ್ನೂ ಮಾಡಿಕೊಡುತ್ತಾರೆ, ಆದರೆ ಅದಕ್ಕಾಗಿ ಇಷ್ಟು ದೂರ ಬರಬೇಕಿರಲಿಲ್ಲ ಅಲ್ವಾ?

ಮಾರನೆಯ ದಿನ ಒಂದೇ ಜಾಗ ಆರಿಸಿಕೊಳ್ಳಿ. ದೇವರಮನೆ ಗುಡ್ಡಕ್ಕೆ ಹೋದರೆ ಕಾಲಭೈರವೇಶ್ವರನ ಗುಡಿ, ಹುಲ್ಲುಗಾವಲು, ಗಾಳಿ. ಎತ್ತಿನ ಭುಜ ಬೆಟ್ಟ ಹತ್ತುವುದಾದರೆ ಅನುಮತಿ, ಬುಕಿಂಗ್ ವಿಷಯ ಮನೆಯವರನ್ನು ಕೇಳಿ ಖಚಿತ ಮಾಡಿಕೊಂಡೇ ಹೊರಡಿ. ನನಗಂತೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿಯ ಮೊದಲ ಕೆಲವು ತಿರುವು ನೋಡಿ ವಾಪಸ್ ಬಂದು, ಮಧ್ಯಾಹ್ನ ಮಲಗಿದ ದಿನಗಳೇ ಹೆಚ್ಚು ನೆನಪಿವೆ. ಝರಿ ಕಂಡಲ್ಲೆಲ್ಲ ತಿರುವಿನಲ್ಲಿ ಬೈಕ್ ನಿಲ್ಲಿಸಬೇಡಿ, ಒದ್ದೆ ಬಂಡೆ ಹತ್ತಬೇಡಿ.

ತೋಟದೊಳಗೆ ಮನೆಯವರ ಜೊತೆಗೇ ನಡೆಯಿರಿ. ಇಂಬಳ ಕಚ್ಚಿದರೆ ಕಿತ್ತೆಸೆಯಬೇಡಿ. ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಬಿಟ್ಟಮೇಲೂ ಸ್ವಲ್ಪ ಹೊತ್ತು ಸೋರುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ಗಾಬರಿ ಬೇಡ.

ಮನೆಯವರು ಅಡಿಗೆಮನೆಗೆ ಕರೆದರೆ ಹೋಗಿ, ಕರೆಯದಿದ್ದರೆ ನುಗ್ಗಬೇಡಿ. ಕಣದಲ್ಲಿ ಒಣಗಿದ ಕಾಫಿ ಮೇಲೆ ಬೂಟು ಹಾಕಿ ನಡೆಯಬೇಡಿ, ಅದು ಅವರ ವರ್ಷದ ದುಡಿಮೆ. ಹೊರಡುವಾಗ ಮನೆಯ ಮೆಣಸು, ಕಾಫಿಪುಡಿ, ಜೇನುತುಪ್ಪ ಇದ್ದರೆ ಅವರ ಹತ್ತಿರವೇ ಕೊಳ್ಳಿ. ಬ್ಯಾಗಿನಲ್ಲಿ ಅದಕ್ಕೆ ಜಾಗ ಬಿಟ್ಟುಕೊಂಡೇ ಬನ್ನಿ.

9. ವಾಪಸ್

ಭಾನುವಾರ ಸಂಜೆ ನೆಲಮಂಗಲದಲ್ಲಿ ಸಿಕ್ಕಿಹಾಕಿಕೊಂಡರೆ ಎರಡು ದಿನದ ಸಮಾಧಾನ ಎರಡು ಗಂಟೆಯಲ್ಲಿ ಹೋಗುತ್ತದೆ. ಬೆಳಗಿನ ತಿಂಡಿ ಮುಗಿಸಿ, ಮಂಜು ಕರಗಿದಮೇಲೆ ಎಂಟರ ಸುಮಾರಿಗೆ ಹೊರಟರೆ ಮೂರು ನಾಲ್ಕಕ್ಕೆ ಊರಿನೊಳಗೆ ಇರುತ್ತೀರಿ. ಹೊರಡುವ ಮುಂಚೆ ಟೈರಿನಲ್ಲಿ ಮುಳ್ಳು ಮೊಳೆ ನೋಡಿ, ಚೈನಿಗೆ ಎಣ್ಣೆ ಬಿಡಿ, ಬ್ರೇಕ್ ಎರಡು ಸಲ ಹಿಡಿದು ನೋಡಿ. ಹಾಸನದ ತನಕ ಮುಂದೆ ಕೂತವರು ಓಡಿಸಿದರೆ, ಆಮೇಲಿನ ನೇರ ಹೆದ್ದಾರಿಯಲ್ಲಿ ಹಿಂದೆ ಕೂತವರು, ಓಡಿಸಲು ಬಂದರೆ, ಹ್ಯಾಂಡಲ್ ತಗೊಳ್ಳಿ. ನನ್ನ ಗಂಡ ಹಿಂದಿನ ಸೀಟಿನಲ್ಲಿ ಮೊದಲ ಸಲ 60 ಕಿಲೋಮೀಟರ್ ಕೂತ ದಿನವೇ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿಸಿದ್ದು.

ಮನೆಗೆ ಬಂದಮೇಲೆ ರೈನ್‌ಕೋಟ್ ಮಡಚಿಡದೆ ಹರಡಿ. ಕೆಂಪು ಮಣ್ಣು ಒಣಗುವ ಮುಂಚೆ ಬೈಕ್ ತೊಳೆದು ಚೈನ್ ಒರೆಸಿ. ಬೂಟುಗಳನ್ನು ಮನೆಯೊಳಗೆ ತರುವ ಮೊದಲು ಬಾಲ್ಕನಿಯಲ್ಲಿ ತಲೆಕೆಳಗು ಮಾಡಿ ಒಮ್ಮೆ ಕೊಡವಿ, ಇಂಬಳ ಅಲ್ಲಿಂದ ಇಲ್ಲಿ ತನಕವೂ ಬರುತ್ತದೆ.